ಹನ್ನೊಂದನೇ ಪ್ರಶ್ನೆ

ಹೊಸಂಗಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರ
ನನ್ನ ಅಕ್ಷಯ ಕೇಂದ್ರ. ಎರಡು ಕಂಪ್ಯೂಟರು, ಒಂದು ಪ್ರಿಂಟರು,
ಬೆರಳಚ್ಚಿನ ಯಂತ್ರ, ಪಕ್ಕದಲ್ಲಿ ಒದ್ದೆ ಬಟ್ಟೆ:
ಬೀಡಿ ಕಟ್ಟುವವರ ಬೆರಳಲ್ಲಿ ಗೆರೆಯೇ ಉಳಿದಿರುವುದಿಲ್ಲ,
ಒರೆಸಿ ಒರೆಸಿ ಒತ್ತಿಸಬೇಕು.
ಹದಿನಾಲ್ಕು ವರ್ಷದಿಂದ ಊರಿನವರ ಅರ್ಜಿ
ನಾನು ತುಂಬುತ್ತೇನೆ.

ಲಿಗೋರಿ ಕ್ರಾಸ್ತಾರ ಆರೋಗ್ಯ ವಿಮೆ ತುಂಬಿದ್ದೂ ನಾನೇ.
ಗೋಲಿ ಸೋಡಾದ ಲಿಗೋರಿ. ಅಂಗಿಯಲ್ಲೆಲ್ಲ ಶುಂಠಿಯ ವಾಸನೆ,
ಎಡ ಹುಬ್ಬಿನಲ್ಲಿ ಬಾಟಲಿ ಸಿಡಿದ ಕಲೆ.
ಏಜೆಂಟ್ ಸುಧಾಮ ನನ್ನ ಕುರ್ಚಿಯ ಹಿಂದೆ ನಿಂತು ತುಳುವಿನಲ್ಲಿ,
ಎಲ್ಲದಕ್ಕೂ ಇಲ್ಲ ಅಂತ ಒತ್ತಿ ಅಕ್ಕ, ಇಲ್ಲ, ಇಲ್ಲ, ಇಲ್ಲ,
ಹೌದು ಅಂದರೆ ಅದು ತಿರುಗಿ ತಿರುಗಿ ಕೇಳುತ್ತದೆ.
ಮೂರು ಗಂಟೆಯ ಗಾಡಿಗೆ ಗೇಟು ಬಿದ್ದಿತ್ತು,
ಲಾರಿಗಳು ಹಾರ್ನು ಹೊಡೆಯುತ್ತಿದ್ದವು.
ಹನ್ನೊಂದನೇ ಪ್ರಶ್ನೆ ಎದೆಯದ್ದು.
ನಾನು ಓದಲಿಲ್ಲ, ಒತ್ತಿದೆ.
ಲಿಗೋರಿ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು.

ನಾಲ್ಕು ವರ್ಷ ಕಂತು ಕಟ್ಟಿದರು.
ಹಣ ಹೋಗುವಾಗ ಯಾರೂ ಅವರ ಎದೆಯ ವಿಚಾರ ಕೇಳಲಿಲ್ಲ.

ನೋವು ಬಂದ ರಾತ್ರಿ ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ದರು.
ಕಾರ್ಡು ತೋರಿಸಿದರೆ, ಈ ಆಸ್ಪತ್ರೆ ಪಟ್ಟಿಯಿಂದ ಹೋಗಿದೆ,
ಕಳೆದ ತಿಂಗಳೇ ಹೋಗಿದೆ, ಕಂಪನಿಯವರು ತಿಳಿಸಿರಬೇಕಲ್ಲ?
ಈಗ ಕಟ್ಟಿ, ಆಮೇಲೆ ಅವರಲ್ಲಿ ಕೇಳಿ.
ಸೆವ್ರಿನ್ ಬಾಯಮ್ಮ ಕಟ್ಟಿದರು.
ಎರಡು ಬಳೆ, ಸೋಡಾ ಯಂತ್ರದ ಮೇಲೆ ಬ್ಯಾಂಕಿನ ಸಾಲ, ತಮ್ಮನ ಚೀಟಿ,
ಒಟ್ಟು ಮೂರು ಲಕ್ಷದ ಎಂಬತ್ತೇಳು ಸಾವಿರ.
ಒಂಬತ್ತನೇ ದಿನ ಲಿಗೋರಿ ತಲಪಾಡಿಯ ಈಚೆ ಬಂದರು,
ಸೈರನ್ ಹಾಕದ ಆಂಬುಲೆನ್ಸಿನಲ್ಲಿ.

ತಿಂಗಳಾದ ಮೇಲೆ ಒಬ್ಬ ಹುಡುಗ ಬೈಕಿನಲ್ಲಿ ಬಂದ.
ಕೊರಳಲ್ಲಿ ಕಾರ್ಡು, ಬಾಯಲ್ಲಿ ಒಳ್ಳೆಯ ಮಾತು.
ಇದು ಬರೇ ಕ್ರಮಕ್ಕೆ ಬಾಯಮ್ಮ,
ಅವರಿಗೆ ಮೊದಲೇ ಏನಾದರೂ ಎದೆಯುರಿ, ಸುಸ್ತು?
ಇರುತ್ತಿತ್ತಪ್ಪ, ದಿನಕ್ಕೆ ಮುನ್ನೂರು ಬಾಟಲಿ ತಿರುಗಿಸಿದರೆ
ಯಾರಿಗೆ ಇರುವುದಿಲ್ಲ?
ಬಿಸಿಲು ಜೋರಿತ್ತು. ಲಿಂಬೆ ಹಿಂಡಿ, ಉಪ್ಪು ಹಾಕಿ
ಅವನಿಗೊಂದು ಸೋಡಾ ಕೊಟ್ಟರು. ಹಣ ಬೇಡವೆಂದರು.
ಅರ್ಧ ಖಾಲಿಯಿದ್ದ ಕಾಗದದ ಬುಡದಲ್ಲಿ
ಸಹಿ ಹಾಕಿದರು.

ನಮ್ಮದು ಏಳು ಭಾಷೆಯ ಊರೆಂದು ಭಾಷಣಗಳಲ್ಲಿ ಹೇಳುತ್ತಾರೆ.
ಪತ್ರ ಬಂದದ್ದು ಎಂಟನೆಯದರಲ್ಲಿ.
ನಾನು ಕನ್ನಡದಲ್ಲಿ ಹೇಳುತ್ತ ಹೋದೆ:
ಎರಡು ವರ್ಷದಿಂದ ಎದೆನೋವಿತ್ತೆಂದು ಪತ್ನಿ ಬರಹದಲ್ಲಿ ಒಪ್ಪಿದ್ದಾರೆ,
ಹನ್ನೊಂದನೇ ಪ್ರಶ್ನೆಗೆ ಇಲ್ಲ ಎಂದಿದೆ,
ಸತ್ಯ ಮರೆಮಾಚಿದ್ದರಿಂದ ವಿಷಾದಪೂರ್ವಕವಾಗಿ...

ಮರೆಮಾಚಿದ್ದು ಅಂದರೆ?
ಹೇಳದೆ ಇಟ್ಟದ್ದು, ಅಂದೆ.
ಹೇಳದೆಯಾ? ಅವರು ಬಾಟಲಿಗಳ ಹತ್ತಿರವೂ ಮಾತಾಡುತ್ತಿದ್ದರು ಮಾರಾಯ್ತಿ,
ನಿದ್ದೆಯಲ್ಲೂ ಬಾಯಿ ಮುಚ್ಚಿದ ಜನ ಅಲ್ಲ.
ಬಾಯಮ್ಮ ನಕ್ಕೇಬಿಟ್ಟರು.
ನಾನು ಪತ್ರವನ್ನು ಮಡಚಿದೆ, ಮತ್ತೆ ಬಿಚ್ಚಿದೆ.
ನನ್ನ ಹತ್ತಿರ ಅವರು ಕೇಳದ ಪ್ರಶ್ನೆ ಒಂದುಂಟು.
ಕೇಳಲಿಲ್ಲ. ಒಂದು ಸೋಡಾ ಮೇಜಿನ ಮೇಲಿಟ್ಟು ಹೋದರು.

ಸುಧಾಮನಿಗೆ ಈಗ ಬೇರೆ ಕಂಪನಿ, ಬೇರೆ ನಂಬರು.
ಕೊಚ್ಚಿಗೆ ದೂರು ಬರೆಯಲು ಕೂತು ಮೂರು ದಿನವಾಯಿತು.
ಅರ್ಜಿ ತುಂಬಿದವರು ಯಾರು ಎಂಬಲ್ಲಿ ನಿಂತಿದೆ.
ಬರೆದರೆ ಕೇಂದ್ರದ ಪರವಾನಗಿ ಹೋದೀತು.
ಬರೆಯದಿದ್ದರೆ, ಹೇಳದೆ ಇಟ್ಟವಳು
ಆಗ ನಿಜಕ್ಕೂ ಒಬ್ಬಳು ಇದ್ದ ಹಾಗಾಯಿತು.

ಸಂಜೆಯ ಗಾಡಿಗೆ ಗೇಟು ಬಿತ್ತು.
ವಾರಿಜಾಕ್ಷಿ ಎಂ., ಹೊಸಂಗಡಿ, ಎಂದು ಒತ್ತಿದೆ.
ಅಳಿಸಿದೆ. ಮತ್ತೆ ಒತ್ತಿದೆ.
ಪ್ರಿಂಟರಿನಲ್ಲಿ ಶಾಯಿ ಮುಗಿಯುತ್ತ ಬಂದಿತ್ತು,
ಹೆಸರು ಮಾತ್ರ ಮಸುಕಾಗಿ ಮೂಡಿತು.
ಪೆನ್ನು ತೆಗೆದು
ಮೇಲಿಂದ ತಿದ್ದಿದೆ.