ಕತ್ತೆಬೆನ್ನು

ರೊಸಾರಿಯೊದ ನಮ್ಮ ಓಣಿಯಲ್ಲಿ
ರಸ್ತೆಯುಬ್ಬಿಗೆ ಕತ್ತೆಬೆನ್ನು ಅನ್ನುತ್ತಾರೆ.

ಅದನ್ನು ಹಾಕಿಸಿದವಳು ನೆಲಿದಾ,
ಮೂಲೆಮನೆಯ ದರ್ಜಿ.
ಮೂರು ವರ್ಷ ಮನೆಮನೆ ಅಲೆದು
ಸಹಿ ಕೂಡಿಸಿದಳು. ನಾನು ಹಾಕಲಿಲ್ಲ,
ಆಗ ನನ್ನ ಹತ್ತಿರ ಹೊಸ ಬೈಕಿತ್ತು.

ನಗರಸಭೆಯದು ಜಾಣಕಿವುಡು.
ಒಂದು ಶನಿವಾರ ರಾತ್ರಿ
ಅಳಿಯನ ಕೈಲಿ ಸಿಮೆಂಟು ಕಲಸಿಸಿ
ಟೇಪು ಹಿಡಿದು ತಾನೇ ಅಳತೆ ಹೇಳಿದಳು,
ಯಾರದೋ ಕೋಟಿನ ಹೆಗಲು ನೋಡುವ ಹಾಗೆ.
ತುಸು ಎತ್ತರವೇ ಆಯಿತು.

ಬೆಳಿಗ್ಗೆ ಮೊದಲು ಎಗರಿದ್ದು ಬ್ರೆಡ್ಡಿನ ವ್ಯಾನು.
ಆಮೇಲೆ ನಾನು.
ನಾಯಿಗಳು ಮಾತ್ರ ಎರಡೇ ದಿನದಲ್ಲಿ ಕಲಿತವು
ನಡುಬೀದಿಯಲ್ಲಿ ಮಲಗುವುದನ್ನು.

ಈ ಜುಲೈ ಚಳಿಯಲ್ಲಿ ನೆಲಿದಾ
ಮೆಟ್ಟಿಲು ಜಾರಿ ಸೊಂಟ ಮುರಿದುಕೊಂಡಳು.
ಆಂಬುಲೆನ್ಸು ಬಂತು, ಹೊರಟಿತು.
ಓಣಿಯವರೆಲ್ಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು
ನೋಡುತ್ತಿದ್ದೆವು, ಮುಂದಿನ ಗಾಲಿ ಏರುವುದನ್ನು.

ಒಳಗಿಂದ ಬೈಗುಳ ಕೇಳಿಸಿತು,
ಕತ್ತೆಗೆ, ಅದರ ತಾಯಿಗೆ,
ಅಳಿಯನಿಗೆ.
ಹಿಂದಿನ ಗಾಲಿಗೆ ಇನ್ನೊಮ್ಮೆ.

ಆಸ್ಪತ್ರೆಯಲ್ಲಿ ಮೆಲ್ಲಗೆ ಕೇಳಿದೆ:
ಸ್ವಲ್ಪ ಕೆತ್ತಿಸಲೇ?
ಕನ್ನಡಕ ಸರಿಮಾಡಿಕೊಂಡಳು.
“ಡ್ರೈವರು ನಿಧಾನ ಮಾಡಿದನೋ ಇಲ್ಲವೋ?”
ಮಾಡಿದ.
“ಹಾಗಾದರೆ ಮುಟ್ಟಬೇಡ.
ಬಣ್ಣ ಹೊಡಿ. ಹಳದಿ.”