ನಲವತ್ತೆಂಟು ಗಂಟೆ

ಚಕಾವೊ ಕಡಲ್ಗಾಲುವೆ ದಾಟಲು ಫೆರಿಗೆ ಅರ್ಧ ಗಂಟೆ.
ಲಾರಿಗಳ ನಡುವೆ ಮೈ ಓರೆ ಮಾಡಿ ನುಸುಳಿ
ಟಿಕೆಟ್ ಹರಿದು ಮುಗಿಸಲು ಹನ್ನೆರಡು ನಿಮಿಷ.
ಉಳಿದ ಹದಿನೆಂಟು ಇರ್ಲಾಂದಾ ನಾವೆಲ್ಕಿನ್‌ಳ ಸ್ವಂತದ್ದು.
ಎಂಜಿನ್ ಕೋಣೆಯ ಬೆಚ್ಚನೆ ಗೋಡೆಗೆ ಬೆನ್ನು ಕೊಟ್ಟು
ಫೋನು ತೆರೆಯುತ್ತಾಳೆ.

ಅಂಕೂದ್ ಊರಿನ ಗ್ರಂಥಾಲಯದ ಎಲೆಯುತೇರಿಯೊ
ಕಾರ್ಡಿನ ನಂಬರು ಒತ್ತಿಸಿ, ಆ್ಯಪು ಇಳಿಸಿಕೊಟ್ಟು ಹೇಳಿದ್ದ:
"ಪುಸ್ತಕದ ಹಾಗಲ್ಲ ಇದು.
ತಡಮಾಡಿದರೆ ದಂಡವಿಲ್ಲ.
ನಲವತ್ತೆಂಟು ಗಂಟೆ ಕಳೆದೊಡನೆ
ತಾನೇ ಎದ್ದು ಹೋಗುತ್ತದೆ,
ಹೇಳದೆ ಹೊರಡುವ ನೆಂಟನ ಹಾಗೆ."

ಲೇಖನದ ಹೆಸರೇ ಮೂರು ಸಾಲು.
ಚಿಲೋಯೆ ದ್ವೀಪದ ಆಲೂಗಡ್ಡೆ, ಅದರ ತಳಿ, ವಂಶವಾಹಿ,
ಎಲ್ಲೋ ಉತ್ತರದಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದದ್ದು.
ಪುಟಕ್ಕೆ ಎರಡು ಕಾಲಂ. ಹಿಗ್ಗಿಸಿದರೆ ವಾಕ್ಯ
ಅರ್ಧಕ್ಕೇ ಪರದೆಯಿಂದ ಜಾರಿ ಕಡಲ ಪಾಲು;
ಕುಗ್ಗಿಸಿದರೆ ಅಕ್ಷರ ಸಾಸಿವೆ.
ಮೂರನೆಯ ಕೋಷ್ಟಕವಂತೂ ಅಡ್ಡ ಮಲಗಿದೆ.
ಫೋನು ಅಡ್ಡ ಹಿಡಿದರೆ
ಅದೂ ಜತೆಗೇ ಹೊರಳಿ ಮತ್ತೆ ಅಡ್ಡ,
ಹಟದ ಮಗು.

ಯಾಕೆ ಓದುತ್ತೀ ಎಂದರೆ
ರಾತ್ರಿ ಶಾಲೆಯ ಕೃಷಿ ಡಿಪ್ಲೊಮಾ ಎನ್ನಬಹುದು.
ಕಪ್ಪು ಗಡ್ಡೆಗೆ ಬ್ರೂಹಾ, ಮಾಟಗಾತಿ, ಎಂದು
ಹೆಸರಿಟ್ಟವರು ಯಾರೆಂದು ತಿಳಿಯುವ ಚಪಲ ಎನ್ನಬಹುದು.
ಎರಡೂ ಪೂರ್ತಿ ನಿಜವಲ್ಲ.

ಏಳನೆಯ ಪುಟ. ಕಡಲಸಿಂಹವೊಂದು ತಲೆ ಎತ್ತಿದ್ದನ್ನು
ಪ್ರವಾಸಿಗರು ಕೂಗಿ ಕೂಗಿ ತೋರಿಸುತ್ತಿದ್ದರು; ಅವಳು ನೋಡಲಿಲ್ಲ.
"ಮಾದರಿ ನಲವತ್ತೊಂದು. ಕಪ್ಪು ಸಿಪ್ಪೆ, ನೇರಳೆ ತಿರುಳು.
ದಾನಿ: ಸಣ್ಣ ದ್ವೀಪವೊಂದರ ಮಹಿಳೆ, ಸುಮಾರು ಅರವತ್ತು.
ಅಕ್ಷರ ಬಾರದು. ಒಂದು ಕಣ್ಣಿಲ್ಲ."

ಒಂದು ಕಣ್ಣಿಲ್ಲ.
ಇಷ್ಟು ಹೇಳಿದರೆ ಆ ದ್ವೀಪದಲ್ಲಿ ಯಾರೂ ಹೆಸರು ಕೇಳುವುದಿಲ್ಲ.
ಅಜ್ಜಿ ಸುನಿಲ್ದಾ. ಬೀಜದ ಗಡ್ಡೆ ಹಿಡಿದು
ಅದರ ಕಣ್ಣುಗಳನ್ನು ಹೆಬ್ಬೆರಳಲ್ಲಿ ತಡವಿ ಎಣಿಸುವಳು.
"ಎಂಟು! ನನಗಿಂತ ಏಳು ಹೆಚ್ಚು, ನೋಡೇ," ಎಂದು ನಗುವಳು.
ಆಗ ಬಂದವರಿಗೆ ಬುಟ್ಟಿ ತುಂಬ ಕೊಟ್ಟಳಂತೆ,
ಹುರಿಹಿಟ್ಟು ಕಲಸಿ ಕುಡಿಸಿದಳಂತೆ.
ಲೇಖನದ ಕೊನೆಗೆ ಕೃತಜ್ಞತೆ:
ಹಣ ಕೊಟ್ಟ ಸಂಸ್ಥೆಗೆ, ದೋಣಿಯ ಕಪ್ತಾನನಿಗೆ ಹೆಸರು ಹಿಡಿದು,
ಎರವಲು ಸಿಕ್ಕ ಜೀಪಿಗೆ ಕೂಡ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತೇವೆ ನಾವು.
ಅವಳ ಅಂಗೈಯಲ್ಲಿದ್ದದ್ದೇ ಕನ್ನಡಿ;
ಹುಣ್ಣು ಅದರೊಳಗಿತ್ತು.

ತಿದ್ದಿಸಲಿಕ್ಕಾಗುತ್ತದೆಯೇ ಎಂದು ಫೋನು ಮಾಡಿದಳು.
ಎಲೆಯುತೇರಿಯೊ ಬಹಳ ಹೊತ್ತು ಕೆಮ್ಮಿದ.
"ಆ ಗುಂಡಿ ನಮ್ಮ ಹತ್ತಿರ ಇಲ್ಲ.
ಹಳದಿ ಗೆರೆ ಎಳೆಯಬಹುದು. ಪಕ್ಕದಲ್ಲಿ ಬರೆಯಬಹುದು.
ಕಾಣುವುದು ನಿನಗೊಬ್ಬಳಿಗೆ."

ದಾನಿಯ ಮೇಲೆ ಹಳದಿ ಬಳಿದಳು.
ಹೆಬ್ಬೆರಳಲ್ಲೇ ಬರೆದಳು: ಸುನಿಲ್ದಾ ಗ್ವೆಂತೆಯೊ.
ಕಣ್ಣು ಹೋದದ್ದು ಮುಳ್ಳುಬೇಲಿ ಕಟ್ಟುವಾಗ.
ಎಣಿಕೆ ಬರುತ್ತಿತ್ತು.
ಹೆಸರಿನಡಿ ಫೋನು ಕೆಂಪು ಗೆರೆ ಎಳೆಯಿತು, ತಪ್ಪು ಎಂದು.
ಇರಲಿ ಬಿಟ್ಟಳು.

ಗುರುವಾರ ಬೆಳಗ್ಗೆ, ಮಂಜು, ಲಾರಿಗಳ ಸಾಲು.
ಲೇಖನ ಇದ್ದಲ್ಲಿ ಬೂದು ಚೌಕ: ಅವಧಿ ಮುಗಿದಿದೆ.
ಅದರ ಕೆಳಗೆ: ನಿಮ್ಮ ಟಿಪ್ಪಣಿಗಳು, ಒಂದು.
ಒತ್ತಿದಳು.
ಹಿಂದೆ ಮುಂದೆ ವಾಕ್ಯವಿಲ್ಲದ ಬಿಳಿಯಲ್ಲಿ
ಅಜ್ಜಿಯ ಹೆಸರು, ಬೇಲಿ, ಎಣಿಕೆ.

ಮತ್ತೆ ಕಡ ಕೇಳುವ ಗುಂಡಿಯ ಮೇಲೆ
ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತು.
ಅಷ್ಟರಲ್ಲಿ ಆಲೂಗಡ್ಡೆ ಲಾರಿಯೊಂದು ಹಾರ್ನ್ ಹೊಡೆಯಿತು.
ಹೋದಳು.