ಮೊಣಕೈ ಪಕ್ಕೆಗೆ

ಬ್ಯಾಲರಟ್‌ನಲ್ಲಿ ಜುಲೈ ಎಂದರೆ
ಕಾರಿನ ಗಾಜಿನಿಂದ ಕೆರೆದು ತೆಗೆಯಬೇಕಾದ ಬಿಳಿ.
ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದ ಮೇಲೆ ಸ್ವೆಟರು ಎಳೆದುಕೊಂಡು
ಏಳೂವರೆಗೆ ಸ್ಕೌಟ್ ಹಾಲಿನ ಬಾಗಿಲು ದೂಡುತ್ತೇನೆ.
ಮರದ ನೆಲ. ಮೂಲೆಯಲ್ಲಿ ಕೆಮ್ಮುವ ಗ್ಯಾಸ್ ಹೀಟರು.
ಆರು ಜನ, ಆರು ಚಾಪೆ,
ಮತ್ತು ಲೊರೇನ್ ಪಾಸ್ಕೋ, ಅರವತ್ತೇಳು ವರ್ಷ,
ಒಂದು ಕಾಲಕ್ಕೆ ದಿನಕ್ಕೆ ನೂರು ಕುರಿಗಳ ಉಣ್ಣೆ ಕತ್ತರಿಸಿದವಳು.

'ಚಟುರಂಗ' ಅನ್ನುತ್ತಾಳೆ.
ತಿದ್ದಲು ಬಾಯಿ ತೆರೆದೆ ಮೊದಲ ದಿನ, ಮುಚ್ಚಿದೆ.
ತೋಳು ನಡುಗಿ ಮೂಗು ನೆಲಕ್ಕೆ ಬಡಿದವಳಿಗೆ
ಉಚ್ಚಾರದ ಜಂಬ ಎಲ್ಲಿಯದು?

ನನಗೆ ಗೊತ್ತಿದ್ದ ಚದುರಂಗದಲ್ಲಿ ಆನೆ ಇತ್ತು, ಒಂಟೆ ಇತ್ತು,
ಸೋಲುವ ಹೊತ್ತಿಗೆ ಮಣೆಯನ್ನೇ ಮಗುಚುವ ಚಿಕ್ಕಪ್ಪ ಇದ್ದ.
ಇಲ್ಲಿ ಪಡೆಯೆಂದರೆ ನಾಲ್ಕೇ:
ಎರಡು ಅಂಗೈ, ಎರಡು ಕಾಲಬೆರಳ ಸಾಲು.
ರಾಜ ಯಾರೋ ತಿಳಿಯದು.
ಹೊಕ್ಕುಳಿರಬೇಕು, ಸದಾ ಒಳಗೆ ಅಡಗಿರು ಅನ್ನುತ್ತಾಳಲ್ಲ ಅದಕ್ಕೆ.

ಮೊದಲು ಹಲಗೆಯ ಮೇಲೆ ಹಲಗೆಯಾಗಬೇಕು.
ಮಣಿಕಟ್ಟಿನ ನೇರಕ್ಕೆ ಭುಜ,
ಹಿಮ್ಮಡಿ ಹಿಂದಕ್ಕೆ, ನೆತ್ತಿ ಮುಂದಕ್ಕೆ,
ಇಬ್ಬರು ನಿಂತು ಒಗೆದ ಸೀರೆಯನ್ನು
ಮಡಿಸುವ ಮುನ್ನ ಎಳೆದು ಹಿಡಿದ ಹಾಗೆ.
ಸೊಂಟ ಜೋತರೆ ಬೆನ್ನು ಬೈಯುತ್ತದೆ.
ಬೆರಳು ಅಗಲಿಸು, ತೋರುಬೆರಳ ಬುಡ ಒತ್ತು.

ಇದೊಂದು ನನಗೆ ಮೊದಲೇ ಬರುತ್ತಿತ್ತು.
ಗದಗಿನಲ್ಲಿ, ಹಿಟ್ಟು ಹಾರುವ ಅಡುಗೆಮನೆಯಲ್ಲಿ,
ಸೋದರತ್ತೆ ನೀಲವ್ವ ನನ್ನ ಕೈ ಮೇಲೆ ತನ್ನ ಕೈ ಇಟ್ಟು:
'ಬರೇ ಅಂಗೈಲೆ ಗುದ್ದಬ್ಯಾಡ, ಬೆರಳಬುಡದಿಂದ ಬಡಿ,
ರೊಟ್ಟಿ ತಾನಾ ತಿರಗತೈತಿ.'
ನೆಲ ತಿರುಗಲಿಲ್ಲ. ಆದರೆ ಮಣಿಕಟ್ಟಿನ ನೋವು
ಆ ವಾರವೇ ಬಿಟ್ಟುಹೋಯಿತು.

ಆಮೇಲೆ ಇಳಿಯುವುದು.
ಒಂದಿಂಚು ಮುಂದೆ ಸರಿದು, ನಂತರ ಕೆಳಗೆ,
ಮೊಣಕೈ ಪಕ್ಕೆಗೆ, ಭುಜ ಮೊಣಕೈಗಿಂತ ತಗ್ಗದ ಹಾಗೆ.
ಲೊರೇನ್ ನನ್ನ ಎರಡು ಕಂಕುಳಲ್ಲೂ
ಮಡಿಸಿದ ಹಳೇ ಪತ್ರಿಕೆ ಸಿಕ್ಕಿಸುತ್ತಾಳೆ.
'ಬಿದ್ದರೆ ನೀನು ಮೋಸ ಮಾಡಿದೆ ಅಂತ.'
ಬಿತ್ತು. ಗುರುವಾರ ಮತ್ತೆ ಬಿತ್ತು.
ಐದು ವಾರ ಮಂಡಿಯೂರಿಯೇ ಇಳಿದೆ, ಕೂಸಿನ ಹಾಗೆ.

ಅವಸರವೇಕೆ ಅಂತ ಅವಳು ಕೇಳಲಿಲ್ಲ.
ತನ್ನ ಎಡಗೈ ಎತ್ತಿ ತೋರಿಸಿದಳು.
ಕಿವಿಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.
'ಮೂವತ್ತೆಂಟನೇ ವಯಸ್ಸಿಗೆ. ಕುರಿಯನ್ನು ತೋಳಿನಿಂದ ಎಳೆದೆ,
ತೊಡೆಯಿಂದ ಎಳೆಯಬೇಕಿತ್ತು.'
ಅಷ್ಟು ಹೇಳಿ ಹೀಟರು ಒದೆಯಲು ಹೋದಳು.

ಹನ್ನೊಂದನೇ ಕೋಣೆಯಲ್ಲಿ ಪೆಟ್ರಿಚ್ ಇದ್ದಾರೆ,
ತೊಂಬತ್ತೊಂದು, ಕ್ರೊಯೇಷಿಯಾದ ಬಡಗಿ.
ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.
ಮೊನ್ನೆ ಅವರನ್ನು ಹೊರಳಿಸುವಾಗ
ನನ್ನ ಮೊಣಕೈ ಯಾರೂ ಹೇಳದೆ ಪಕ್ಕೆಗೆ ಬಂದು ಕೂತಿತು,
ಭುಜ ಕಿವಿಯ ಕಡೆ ಓಡಲಿಲ್ಲ.
ಅವರಿಗೆ ಏನು ತಿಳಿಯಿತೋ,
ಕಣ್ಣು ಬಿಡದೆ 'ಪೊಲಾಕೊ, ಪೊಲಾಕೊ' ಅಂದರು.
ನಿಧಾನ ಅಂತ ಅರ್ಥವಂತೆ, ಬೆಳಿಗ್ಗೆ ಮಗಳು ಹೇಳಿದಳು.

ಇವತ್ತು ಮಂಡಿ ಎತ್ತಿದೆ.
ಪೊಲಾಕೊ, ಒಂದು. ಪೊಲಾಕೊ, ಎರಡು.
ನೆಲದಿಂದ ಒಂದು ಗೇಣು ಮೇಲೆ
ನಿಂತೆ.
ಹಲಗೆಯ ಸಂದಿನಲ್ಲಿ ಮೊಳೆಯ ತಲೆ ಕಂಡಿತು,
ಯಾವುದೋ ಹುಡುಗನ ಸಮವಸ್ತ್ರದ ಗುಂಡಿ,
ಹೀಟರಿನ ಕೆಂಪು ಅದರ ಮೇಲೆ.
ಒಂದು ಉಸಿರು ಒಳಗೆ, ಒಂದು ಹೊರಗೆ.
ಪತ್ರಿಕೆ ಕಂಕುಳಲ್ಲೇ ಇತ್ತು.

ಲೊರೇನ್ ಬಗ್ಗಿ ನೋಡಿದಳು. ಚಪ್ಪಾಳೆ ಇಲ್ಲ.
'ಎಡಭುಜ ತುಸು ಇಳಿದಿದೆ' ಅಂದಳು,
'ಇನ್ನೊಮ್ಮೆ.'